ಒಣ ಬಂದರಿಗೆ ಅನುದಾನ ಕೋರಿ ನಾಲ್ಕು ತಾಲ್ಲೂಕುಗಳ ಬೆಳೆಗಾರರ ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ಮಟ್ಟದ ರಫ್ತು ಉತ್ತೇಜನ ಸಮಿತಿ,
ವಿಜಯಪುರ.

ಇವರಿಂದ,
ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನಬಾಗೇವಾಡಿ ತಾಲ್ಲೂಕುಗಳ ಲಿಂಬೆ, ದ್ರಾಕ್ಷಿ, ಈರುಳ್ಳಿ, ತೊಗರಿ ಬೆಳೆಗಾರರು ಮತ್ತು ವರ್ತಕರು.

ವಿಷಯ: ಗದಗ–ಹೊಟಗಿ ರೈಲು ಮಾರ್ಗದ ಬದಿಯಲ್ಲಿ ಒಣ ಬಂದರು ಸ್ಥಾಪಿಸಲು ಅನುದಾನದ ಪ್ರಸ್ತಾವನೆ ಸಲ್ಲಿಸುವ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ನಾವು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಡಲಿಲ್ಲದ ಜಿಲ್ಲೆಯವರು ಬಂದರು ಕೇಳಿದರೆ ಯಾರಿಗಾದರೂ ನಗು ಬಂದೀತು. ಆದರೆ ನಮ್ಮದು ಹಡಗು ನಿಲ್ಲುವ ಬಂದರಿನ ಬೇಡಿಕೆಯಲ್ಲ. ಹಡಗೇರಬೇಕಾದ ಮಾಲು ಇಲ್ಲಿಯೇ ವಿಂಗಡಣೆಯಾಗಬೇಕು, ಕೆಡದಂತೆ ತಂಪಿನಲ್ಲಿರಬೇಕು, ಪರೀಕ್ಷೆ ಮತ್ತು ಸುಂಕದ ಕಾಗದಪತ್ರ ಮುಗಿಸಿಕೊಂಡು ಮೊಹರು ಬಿದ್ದ ಕಂಟೇನರಿನಲ್ಲಿ ಹೊರಡಬೇಕು. ಅಂಥ ಒಂದು ಒಣ ಬಂದರು ನಮಗೆ ಬೇಕಾಗಿದೆ.

ಅದು ಇಲ್ಲದೆ ಏನಾಗುತ್ತದೆಂಬುದಕ್ಕೆ ನಮ್ಮ ಒಣದ್ರಾಕ್ಷಿಯೇ ಸಾಕ್ಷಿ. ನಾಲ್ಕು ಕಿಲೊ ಹಸಿ ದ್ರಾಕ್ಷಿ ಒಣಗಿದರೆ ಕೈಗೆ ಸಿಗುವುದು ಸುಮಾರು ಒಂದು ಕಿಲೊ. ಆ ಒಂದು ಕಿಲೊಗಾಗಿ ಶೆಡ್ಡಿನ ಬಲೆಗಳ ಮೇಲೆ ಹಣ್ಣು ಹರವಿ, ಅಕಾಲಿಕ ಮಳೆಗೆ ಮಾಲು ಕಪ್ಪಾದೀತೆಂದು ಮುಗಿಲು ನೋಡುತ್ತ ದಿನ ಎಣಿಸುತ್ತೇವೆ. ಒಣಗಿದ ಮೇಲೆ ಲಾರಿಗೆ ಹೇರಿ ಮಹಾರಾಷ್ಟ್ರದ ತಾಸಗಾಂವ, ಸಾಂಗ್ಲಿಯ ಸವಾಲಿಗೆ ಒಯ್ಯುತ್ತೇವೆ. ಲಾರಿ ಬಾಡಿಗೆ, ಶೀತಲಗೃಹದ ಬಾಡಿಗೆ, ಅಡತಿ, ಹಮಾಲಿ ಎಲ್ಲ ಕಳೆದು ಉಳಿದದ್ದೇ ನಮ್ಮ ದರ. ಅಲ್ಲಿನ ಪೆಟ್ಟಿಗೆ ಸೇರಿದ ಮೇಲೆ ಅದು ವಿಜಯಪುರದ ಮಾಲು ಎಂದು ಯಾರಿಗೂ ತಿಳಿಯುವುದಿಲ್ಲ. ಬೆಳೆ ನಮ್ಮದಾದರೂ ಹೆಸರು ಪೇಟೆಯದಾಯಿತು.

ಇಂಡಿ ಲಿಂಬೆಗೆ ಈ ಗತಿ ಬರಬಾರದು. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. 2025ರಲ್ಲಿ ಕೇಂದ್ರದ ಕೃಷಿ ರಫ್ತು ಪ್ರಾಧಿಕಾರ ಅಪೆಡಾದ ನೆರವಿನಿಂದ 3 ಟನ್ ಲಿಂಬೆ ಸಂಯುಕ್ತ ಅರಬ್ ಸಂಸ್ಥಾನಕ್ಕೆ ಹೋಯಿತು. ಕೊಳ್ಳುವವರಿದ್ದಾರೆ ಎಂಬುದು ಅದರಿಂದ ಖಾತ್ರಿಯಾಯಿತು. ಆದರೆ ಲಿಂಬೆ ಒಣದ್ರಾಕ್ಷಿಯಂತೆ ಕಾಯುವ ಮಾಲಲ್ಲ. ಬಿಸಿಲಿನಲ್ಲಿ ನಿಂತ ಲಾರಿಯಲ್ಲಿ ಸಿಪ್ಪೆ ಬಾಡಿದರೆ ಮಾನ್ಯತೆಯ ಮುದ್ರೆಯಿಂದ ಅದಕ್ಕೆ ಬೆಲೆ ಬಾರದು. ಬೇಸಿಗೆಯಲ್ಲಿ ದರ ಏರಿದಾಗ ಗಿಡದಲ್ಲಿ ಕಾಯಿ ಇರುವುದಿಲ್ಲ, ಮಳೆಗಾಲದಲ್ಲಿ ಕಾಯಿ ತುಂಬಿದಾಗ ದರ ಇರುವುದಿಲ್ಲ. ಆ ತುಂಬಿದ ದಿನಗಳಲ್ಲೇ ಹೊರದೇಶದ ದಾರಿ ತೆರೆದಿರಬೇಕು.

ದಾರಿಗೆ ಬೇಕಾದ ಅರ್ಧ ಕೆಲಸ ಆಗಲೇ ಆಗಿದೆ. ಬ್ರಿಟಿಷರ ಕಾಲದ ಗದಗ–ಹೊಟಗಿ ಮಾರ್ಗ ಇಂದು ಬ್ರಾಡ್‌ಗೇಜ್. ಕೂಡಗಿಯ 2,400 ಮೆಗಾವಾಟ್ ಸ್ಥಾವರಕ್ಕೆ ಕಲ್ಲಿದ್ದಲು ಇದೇ ಹಳಿಯ ಮೇಲೆ ಬರುತ್ತದೆ. ರಾಷ್ಟ್ರೀಯ ಹೆದ್ದಾರಿ 52 ಸೊಲ್ಲಾಪುರದಿಂದ ನಮ್ಮ ಜಿಲ್ಲೆಯನ್ನು ಹಾಯ್ದು ಅಂಕೋಲಾದ ಕಡಲಂಚಿಗೆ ಇಳಿಯುತ್ತದೆ. ಇಂಡಿ ರೋಡ್ ಮತ್ತು ಬಸವನಬಾಗೇವಾಡಿ ರೋಡ್ ನಿಲ್ದಾಣಗಳು ಇದೇ ರೈಲು ಮಾರ್ಗದಲ್ಲಿವೆ. ಊರು ದೂರವಿದೆ ಎಂಬುದನ್ನು ಆ ‘ರೋಡ್’ ಎಂಬ ಬಾಲವೇ ಹೇಳುತ್ತದೆ. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗಂತೂ ರೈಲೇ ಇಲ್ಲ. ಬೆಂಗಳೂರಿನ ವೈಟ್‌ಫೀಲ್ಡ್ ಕಂಟೇನರ್ ಡಿಪೊ ವಿಜಯಪುರದಿಂದ 500 ಕಿ.ಮೀ.ಗೂ ಹೆಚ್ಚು ದೂರ. ಪಶ್ಚಿಮದ ಕಡಲಿಗೆ ಹೋಗಬೇಕಾದ ಮಾಲು ಅಲ್ಲಿಗೆ ಹೋಗುವುದೆಂದರೆ ಕಡಲಿಗೆ ಬೆನ್ನು ಮಾಡಿ ನಡೆದಂತೆ.

ಕಂಟೇನರ್ ತುಂಬುವಷ್ಟು ಮಾಲು ವರ್ಷವಿಡೀ ಸಿಕ್ಕೀತೇ ಎಂದು ಅಧಿಕಾರಿಗಳು ಕೇಳುವುದು ನ್ಯಾಯವೇ. ಒಂದು ತಾಲ್ಲೂಕಿನಿಂದ, ಒಂದು ಬೆಳೆಯಿಂದ ಅದು ಸಾಧ್ಯವಿಲ್ಲ. ಒಣದ್ರಾಕ್ಷಿ ಬೇಸಿಗೆಯ ಹೊತ್ತಿಗೆ ತಯಾರಾಗಿ ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಲಿಂಬೆ ಮಳೆಗಾಲದಲ್ಲಿ ಹೆಚ್ಚು. ಅದರ ಬೆನ್ನಿಗೆ ಈರುಳ್ಳಿ, ಚಳಿಗಾಲಕ್ಕೆ ತೊಗರಿ. ತೊಗರಿ ಹೊರದೇಶಕ್ಕೆ ಹೋಗದಿದ್ದರೂ ದೇಶದ ದೂರದ ಪೇಟೆಗಳಿಗೆ ಇದೇ ಕಟ್ಟೆಯಿಂದ ರೈಲು ಹತ್ತಬಹುದು. ನಾಲ್ಕು ತಾಲ್ಲೂಕಿನವರು ಒಂದೇ ಕಾಗದಕ್ಕೆ ಸಹಿ ಹಾಕಿರುವುದು ಈ ಲೆಕ್ಕ ಹಾಕಿಯೇ.

ಹಣದ ದಾರಿಯೂ ಇದೆ. ಕೇಂದ್ರ ವಾಣಿಜ್ಯ ಸಚಿವಾಲಯ 2017–18ರಲ್ಲಿ ಆರಂಭಿಸಿದ ರಫ್ತು ಮೂಲಸೌಕರ್ಯ ಯೋಜನೆ ‘ಟೈಸ್’ ಒಣ ಬಂದರು, ಶೀತಲ ಸರಪಳಿ, ಪರೀಕ್ಷಾ ಪ್ರಯೋಗಾಲಯಗಳಿಗೆ 20 ಕೋಟಿ ರೂಪಾಯಿವರೆಗೆ ಅನುದಾನಕ್ಕೆ ಅವಕಾಶ ಕೊಟ್ಟಿತು. ಆದರೆ ಅದಕ್ಕೆ ರೈತರು ನೇರವಾಗಿ ಅರ್ಜಿ ಹಾಕುವಂತಿಲ್ಲ. ಅರ್ಹ ಸಂಸ್ಥೆಯೊಂದು ಮುಂದೆ ಬಂದು ತನ್ನ ಪಾಲಿನ ಬಂಡವಾಳ ತೊಡಗಿಸಬೇಕು. ಆದ್ದರಿಂದ ತಮ್ಮ ಮುಂದೆ ಈ ಬೇಡಿಕೆಗಳನ್ನು ಇಡುತ್ತಿದ್ದೇವೆ:

1. ಇಂಡಿಯಲ್ಲಿರುವ ರಾಜ್ಯ ಲಿಂಬೆ ಅಭಿವೃದ್ಧಿ ಮಂಡಳಿ, ಕೃಷಿ ಮಾರಾಟ ಇಲಾಖೆ ಮತ್ತು ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರದೊಂದಿಗೆ ಚರ್ಚಿಸಿ, ಅರ್ಜಿ ಹಾಕುವ ಸಂಸ್ಥೆ ಯಾವುದೆಂದು ಗೊತ್ತುಮಾಡಬೇಕು. ಟೈಸ್ ಅಥವಾ ಅದರ ಜಾಗದಲ್ಲಿ ಬರುವ ಯೋಜನೆಗೆ ಪ್ರಸ್ತಾವನೆ ಕಳಿಸಬೇಕು.

2. ಸಂಸ್ಥೆ ತೊಡಗಿಸಬೇಕಾದ ಪಾಲಿನ ಹಣವನ್ನು ರಾಜ್ಯ ಬಜೆಟ್ಟಿನಲ್ಲಿ ಕೊಡಿಸಲು ಶಿಫಾರಸು ಮಾಡಬೇಕು.

3. ಸ್ಥಳ ಆರಿಸುವ ಮೊದಲು ನಾಲ್ಕೂ ತಾಲ್ಲೂಕುಗಳಲ್ಲಿ, ಅವುಗಳಿಂದ ಬೇರ್ಪಟ್ಟ ಚಡಚಣ, ಆಲಮೇಲ, ದೇವರಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಸೇರಿದಂತೆ, ತಿಂಗಳುವಾರು ಮಾಲಿನ ಸಮೀಕ್ಷೆ ನಡೆಸಿ ಅದನ್ನು ಪ್ರಕಟಿಸಬೇಕು.

4. ಇಂಡಿ ರೋಡ್, ಬಸವನಬಾಗೇವಾಡಿ ರೋಡ್ ನಿಲ್ದಾಣಗಳನ್ನು ಹೋಲಿಸಿ, 2021ರ ಗತಿಶಕ್ತಿ ಸರಕು ಟರ್ಮಿನಲ್ ನೀತಿಯಡಿ ಸೈಡಿಂಗ್ ಕೊಡಲು ರೈಲ್ವೆಯನ್ನು ಕೇಳಬೇಕು.

5. ಮೊದಲ ಹಂತದಲ್ಲಿಯೇ ವಿಂಗಡಣೆಯ ಮನೆ, ಶೀತಲಗೃಹ, ಶೀತಲ ಕಂಟೇನರಿಗೆ ವಿದ್ಯುತ್ ಸಂಪರ್ಕ ಮತ್ತು ಕೀಟನಾಶಕ ಉಳಿಕೆಯ ಪರೀಕ್ಷೆ ಆರಂಭವಾಗಬೇಕು. ಸುಂಕ ಅಧಿಕಾರಿಗಳ ಕಚೇರಿ ಎರಡನೆಯ ಹಂತದಲ್ಲಿ ಬರಲಿ. ಕಚೇರಿಗಾಗಿ ಕಾಯುತ್ತ ಶೀತಲಗೃಹ ನಿಲ್ಲುವುದು ಬೇಡ.

6. ಸಿಂದಗಿ ಮತ್ತು ಮುದ್ದೇಬಿಹಾಳಗಳಲ್ಲಿ ಉಪಕೇಂದ್ರ ತೆರೆದು, ಅಲ್ಲಿಂದ ತಂಪು ವಾಹನಗಳನ್ನು ಓಡಿಸಬೇಕು. ರೈಲಿಲ್ಲದ ತಾಲ್ಲೂಕಿನವರಿಗೆ ಉಪಕೇಂದ್ರವೇ ಬಂದರಿನ ಬಾಗಿಲು.

7. ನಿರ್ವಹಣಾ ಸಮಿತಿಯಲ್ಲಿ ಪ್ರತಿ ತಾಲ್ಲೂಕಿನ ಇಬ್ಬರು ಬೆಳೆಗಾರರಿರಬೇಕು, ಅವರಲ್ಲಿ ಒಬ್ಬರು ಮಹಿಳೆ.

ನಮ್ಮ ಕಡೆಯಿಂದಲೂ ಮಾತು ಕೊಡುತ್ತೇವೆ. ಔಷಧಿ ಸಿಂಪಡಿಸಿದ ದಿನ, ಪ್ರಮಾಣಗಳನ್ನು ವಹಿಯಲ್ಲಿ ಬರೆದಿಡುತ್ತೇವೆ. ಇಂಡಿ ಲಿಂಬೆಯ ಹೆಸರಿನಲ್ಲಿ ಹೊರಗಿನ ಕಾಯಿ ಬೆರೆಸುವವರ ಮಾಲನ್ನು ಚೀಲಕ್ಕೆ ಸೇರಿಸುವುದಿಲ್ಲ. ಸಮೀಕ್ಷೆಗೆ ಬಂದವರಿಗೆ ನಿಜವಾದ ಇಳುವರಿಯನ್ನೇ ಹೇಳುತ್ತೇವೆ. ಹೆಚ್ಚು ಹೇಳಿ ಕಟ್ಟಿಸಿದ ಕಟ್ಟಡ ಬೀಗ ಬಿದ್ದು ನಿಂತರೆ ನಾಚಿಕೆ ನಮ್ಮದೇ.

ಆದ್ದರಿಂದ ದಯಮಾಡಿ ಒಂದು ತಿಂಗಳೊಳಗೆ ಬೆಳೆಗಾರರು, ರೈಲ್ವೆ, ತೋಟಗಾರಿಕೆ ಮತ್ತು ಕೃಷಿ ಮಾರಾಟ ಇಲಾಖೆಗಳ ಜಂಟಿ ಸಭೆ ಕರೆದು, ನಡಾವಳಿಯ ಪ್ರತಿಯನ್ನು ನಮಗೂ ಕೊಡಿಸಬೇಕೆಂದು ಕೋರುತ್ತೇವೆ. ಸಭೆ ಈ ಮಳೆಗಾಲದ ಲಿಂಬೆ ಪೇಟೆಗೆ ಬರುವ ಮುಂಚೆ ನಡೆದರೆ, ಸಮೀಕ್ಷೆಯನ್ನು ಈ ಹಂಗಾಮಿನ ಚೀಲಗಳಿಂದಲೇ ಶುರುಮಾಡಬಹುದು.



ತಮ್ಮ ವಿಶ್ವಾಸಿಗಳು,
ನಾಲ್ಕು ತಾಲ್ಲೂಕುಗಳ ಬೆಳೆಗಾರರು ಮತ್ತು ವರ್ತಕರು
(ಸಹಿಗಳ ಪಟ್ಟಿ ಲಗತ್ತಿಸಿದೆ)

ಸ್ಥಳ: ವಿಜಯಪುರ

ಪ್ರತಿ: ವ್ಯವಸ್ಥಾಪಕ ನಿರ್ದೇಶಕರು, ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರ, ಬೆಂಗಳೂರು; ವಿಭಾಗೀಯ ರೈಲ್ವೆ ವ್ಯವಸ್ಥಾಪಕರು, ನೈಋತ್ಯ ರೈಲ್ವೆ, ಹುಬ್ಬಳ್ಳಿ.