ಕನ್ನಡ ರಕ್ತದಲ್ಲಿಲ್ಲ

ಬಾಂದ್ರಾದ ಕನ್ನಡಿಗರ ಕೂಟಗಳಲ್ಲಿ ನಾವು ತಪ್ಪದೆ ಕೇಳುವ ಮಾತೊಂದಿದೆ: ‘ಕನ್ನಡ ನಮ್ಮ ರಕ್ತದಲ್ಲೇ ಇದೆ.’ ಚಪ್ಪಾಳೆ ಬೀಳುತ್ತದೆ. ಅದೇ ಹೊತ್ತಿಗೆ ಹಿಂದಿನ ಸಾಲಿನಲ್ಲಿ ನಮ್ಮ ಮಕ್ಕಳು ಹಿಂದಿಯಲ್ಲಿ ಹರಟುತ್ತಿರುತ್ತಾರೆ. ಈ ಮಾತು ಬರಿಯ ಅಲಂಕಾರವಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಇದು ಕರ್ತವ್ಯದಿಂದ ತಪ್ಪಿಸಿಕೊಳ್ಳಲು ನಾವೇ ಬರೆದು ನಾವೇ ಮಂಜೂರು ಮಾಡಿಕೊಂಡ ರಜೆಯ ಅರ್ಜಿ. ನಮ್ಮ ಆಕ್ಷೇಪ ಅದಕ್ಕೆ.

ರಕ್ತದಲ್ಲಿ ನಿಜವಾಗಿ ಏನು ಬರುತ್ತದೆಂಬುದಕ್ಕೆ ಈ ನಗರದಲ್ಲೇ ನಿದರ್ಶನವಿದೆ. 1952ರಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ಇಲ್ಲಿ ಗುರುತಿಸಿದ ಅಪರೂಪದ ರಕ್ತಗುಂಪಿಗೆ ಇಂದಿಗೂ ‘ಬಾಂಬೆ’ ಎಂದೇ ಹೆಸರು. ಎ, ಬಿ ಗುಂಪುಗಳಿಗೆ ತಳಹದಿಯಾದ ‘ಎಚ್’ ಎಂಬ ಪ್ರತಿಜನಕ ಇವರ ಕೆಂಪು ರಕ್ತಕಣಗಳಲ್ಲಿ ಇರುವುದಿಲ್ಲ. ಸಾಮಾನ್ಯ ಪರೀಕ್ಷೆಯಲ್ಲಿ ‘ಓ’ ಎಂದು ಕಂಡರೂ ಇವರಿಗೆ ‘ಓ’ ರಕ್ತ ಕೊಟ್ಟರೆ ಪ್ರಾಣಾಪಾಯ. ನಮ್ಮ ಜೀವಕೋಶಗಳಲ್ಲಿ ಸಾಮಾನ್ಯವಾಗಿ 23 ಜೋಡಿ ವರ್ಣತಂತುಗಳಿವೆ. ಪ್ರತಿ ಜೋಡಿಯಲ್ಲೂ ಒಂದು ತಾಯಿಯಿಂದ, ಒಂದು ತಂದೆಯಿಂದ ಬಂದದ್ದು. ಕೆಲಸ ಮಾಡದ ಎಚ್ ವಂಶವಾಹಿ ಇಬ್ಬರಿಂದಲೂ ಬಂದಾಗ ಮಾತ್ರ ಮಗು ಈ ಗುಂಪಿಗೆ ಸೇರುತ್ತದೆ. ತಂದೆತಾಯಿಗಳಲ್ಲಿ ಅಂಥದು ತಲಾ ಒಂದಿದ್ದರೆ ಪ್ರತಿ ಮಗುವಿಗೂ ಆ ಸಂಭವ ನಾಲ್ಕರಲ್ಲಿ ಒಂದು. ಏನು ಉಣಿಸಿದರೂ, ಯಾವ ಶಾಲೆಗೆ ಕಳಿಸಿದರೂ ಇದು ಬದಲಾಗದು.

ಎತ್ತರದ ವಿಷಯ ಬೇರೆ. ಅದರಲ್ಲಿ ಅನೇಕ ವಂಶವಾಹಿಗಳ ಪಾಲಿದೆ. ಆದರೂ ಎಳವೆಯಲ್ಲಿ ಅರೆಹೊಟ್ಟೆಯುಂಡ ಮಗು ತಾನು ಬೆಳೆಯಬಹುದಾಗಿದ್ದಷ್ಟು ಬೆಳೆಯುವುದಿಲ್ಲ. ಭಾಷೆಯಲ್ಲಂತೂ ಮಾತು ಕಲಿಯುವ ಶಕ್ತಿಯಷ್ಟೇ ಹುಟ್ಟಿನಿಂದ ಬಂದದ್ದು. ಯಾವ ಮಾತು ಎಂಬುದು ಸುತ್ತಲಿನವರ ಕೊಡುಗೆ. ಧಾರವಾಡದ ದಂಪತಿಗಳ ಕೂಸು ಬಾಂದ್ರಾದ ಮರಾಠಿ ಮನೆಯಲ್ಲಿ ಬೆಳೆದರೆ ಮರಾಠಿಯಲ್ಲೇ ತೊದಲುತ್ತದೆ.

ಹುಟ್ಟುಗುಣ ಮತ್ತು ಪೋಷಣೆ ಎಂಬ ಜೋಡಿಪದವನ್ನು ವಿಜ್ಞಾನದಲ್ಲಿ ಬಳಕೆಗೆ ತಂದವನು ಫ್ರಾನ್ಸಿಸ್ ಗಾಲ್ಟನ್. ಅವನಿಗಿಂತ ಬಹಳ ಹಿಂದೆಯೇ, ಷೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ ನಾಟಕದಲ್ಲಿ, ಕ್ಯಾಲಿಬನ್ನನ ಹುಟ್ಟುಗುಣಕ್ಕೆ ಯಾವ ಪೋಷಣೆಯೂ ಅಂಟದೆಂದು ಪ್ರಾಸ್ಪೆರೊ ಜರೆಯುತ್ತಾನೆ. ಆದರೆ ಕ್ಯಾಲಿಬನ್ ಶಪಿಸುವುದು ಆ ಮನೆಯವರೇ ಕಲಿಸಿದ ಭಾಷೆಯಲ್ಲಿ! ಗಾಲ್ಟನ್ ಮುಂದೆ ಮನುಷ್ಯರ ತಳಿಯನ್ನೇ ಆಯ್ದು ಬೆಳೆಸಬೇಕೆಂಬ ವಾದಕ್ಕೆ ಮೂಲಪುರುಷನಾದ. ರಕ್ತದ ಹೆಮ್ಮೆಯ ಬೆನ್ನಿಗೆ ರಕ್ತದ ತಿರಸ್ಕಾರ ಇದ್ದೇ ಇರುತ್ತದೆ. ‘ನಮ್ಮದು ಸಂಸ್ಕಾರವಂತ ರಕ್ತ’ ಎನ್ನುವ ನಾಲಿಗೆ ‘ಅವರ ಮಕ್ಕಳ ತಲೆಗೆ ಓದು ಹತ್ತದು’ ಎನ್ನಲು ತಡಮಾಡುವುದಿಲ್ಲ.

ನಮ್ಮ ಹಿರಿಯರು ರಕ್ತವನ್ನು ನಂಬಿ ಕೂರಲಿಲ್ಲ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ಹುಡುಗರಿಗಾಗಿ ಈ ನಗರದಲ್ಲಿ ಕನ್ನಡದ ರಾತ್ರಿಶಾಲೆಗಳನ್ನು ಕಟ್ಟಿದರು. ಮಹಾನಗರಪಾಲಿಕೆಯೂ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸಿಕೊಂಡು ಬಂದಿದೆ. ವೇದಿಕೆಯ ಮೇಲೆ ರಕ್ತದ ಮಾತಾಡುವ ನಮ್ಮಲ್ಲಿ ಎಷ್ಟು ಮಂದಿ ಮಕ್ಕಳನ್ನು ಅಲ್ಲಿಗೆ ಕಳಿಸಿದ್ದೇವೆ?

‘ಲೋಕಲ್ ಹಿಡಿದು ಮನೆ ಸೇರುವಷ್ಟರಲ್ಲಿ ರಾತ್ರಿಯಾಗುತ್ತದೆ, ಸಮಯವೆಲ್ಲಿ?’ ಎನ್ನುವವರಿದ್ದಾರೆ. ಕಷ್ಟ ನಿಜ, ನಾವೂ ಅದೇ ಗಾಡಿಯಲ್ಲಿ ನಿಂತು ಬರುವವರು. ಇದನ್ನು ಬರೆಯುತ್ತಿರುವ ನಮ್ಮ ಮನೆಯಲ್ಲೂ ಊರಿನಿಂದ ಅಜ್ಜಿಯ ಫೋನು ಬಂದರೆ, ಅಜ್ಜಿ ಮತ್ತು ಮೊಮ್ಮಗಳ ನಡುವೆ ನಾವು ದುಭಾಷಿಗಳಾಗಿ ನಿಲ್ಲಬೇಕಾಗಿದೆ. ಇಬ್ಬರ ನಡುವೆ ರಕ್ತಸಂಬಂಧಕ್ಕೆ ಕೊರತೆಯಿಲ್ಲ, ಇಲ್ಲದ್ದು ಮಾತು. ಆ ಕೊರತೆಗೆ ಹೊಣೆ ನಾವು.

ಆದುದರಿಂದ ಬರುವ ರಾಜ್ಯೋತ್ಸವದಲ್ಲಿ ಆ ವಾಕ್ಯವನ್ನು ಕೈಬಿಡೋಣ. ದಿನಕ್ಕೊಮ್ಮೆ, ಊಟದ ಹೊತ್ತಿನಲ್ಲಾದರೂ, ಮಕ್ಕಳೊಡನೆ ಕನ್ನಡದಲ್ಲೇ ಮಾತಾಡೋಣ. ಅವರು ತಪ್ಪಾಗಿ ಆಡಿದರೆ ನಗದಿರೋಣ.