ಗುಲ್‌ಮೊಹರ್ ಕಾಯೋದಿಲ್ಲ

ದೊಡ್ಡಬಳ್ಳಾಪುರ ಅಂದ್ರೆ ನಮಗೆಲ್ಲ ನೆನಪಾಗೋದು ರೇಷ್ಮೆ ಸೀರೆ, ಮಗ್ಗದ ಸದ್ದು, ಘಾಟಿ ಸುಬ್ರಹ್ಮಣ್ಯ. ಅದೇ ಊರಲ್ಲಿ 1910ರಲ್ಲಿ ಹುಟ್ಟಿದ ರುಮಾಲೆ ಚನ್ನಬಸವಯ್ಯ ಅಂದ್ರೆ ನನ್ನ ವಯಸ್ಸಿನವರು ‘ಯಾರು?’ ಅಂತಾರೆ.

ಸ್ವಾತಂತ್ರ್ಯ ಹೋರಾಟಗಾರ, ಸೇವಾದಳದ ಕಾರ್ಯಕರ್ತ, ‘ತಾಯಿನಾಡು’ ಪತ್ರಿಕೆಯ ಸಂಪಾದಕ, ವಿಧಾನ ಪರಿಷತ್ ಸದಸ್ಯ. ಒಬ್ಬ ಮನುಷ್ಯನಿಗೆ ಇಷ್ಟು ಸಾಕಲ್ವಾ? ಹುಡುಗನಾಗಿದ್ದಾಗ ಬೆಂಗಳೂರಿನಲ್ಲಿ ಎ.ಎನ್. ಸುಬ್ಬರಾಯರ ಕಲಾಮಂದಿರದಲ್ಲಿ ಚಿತ್ರ ಕಲಿತಿದ್ದರು. ಆಮೇಲೆ ಚಳವಳಿ ಎಳೆದುಕೊಂಡು ಹೋಯ್ತು. 1962ರಲ್ಲಿ ರಾಜಕೀಯಕ್ಕೆ ಕೈಮುಗಿದು ಪೂರ್ತಿಯಾಗಿ ಕುಂಚ ಹಿಡಿದಾಗ ವಯಸ್ಸು 52.

ನಮ್ಮಲ್ಲಿ ಮೂವತ್ತಕ್ಕೇ ‘ಇನ್ನು ಲೇಟಾಯ್ತು ಬಿಡು’ ಅನ್ನೋರಿದ್ದಾರೆ. ಆದರೆ ನನಗೆ ಆ ವಯಸ್ಸಿಗಿಂತ ಅವರು ಆರಿಸಿಕೊಂಡ ವಿಷಯವೇ ಹೆಚ್ಚು ಕುತೂಹಲ. ಅವರು ಮತ್ತೆ ಮತ್ತೆ ಬರೆದದ್ದು ಬೆಂಗಳೂರಿನ ಹೂಮರಗಳನ್ನು. ಕಬ್ಬನ್ ಪಾರ್ಕ್, ಲಾಲ್‌ಬಾಗ್, ರಸ್ತೆ ಬದಿ, ಎಲ್ಲ ಕಡೆ ಸ್ಥಳದಲ್ಲೇ ನಿಂತು. ಫೋಟೊ ತೆಗೆದುಕೊಂಡು ಬಂದು ಮನೇಲಿ ಬಿಡಿಸುವ ಲೆಕ್ಕ ಇಲ್ಲ.

ಇದು ಎಂಥ ಕೆಲಸ ಯೋಚಿಸಿ. ಗುಲಾಬಿ ಟಬೆಬುಯಾ ಜನವರಿ ಹೊತ್ತಿಗೆ ಶುರು, ಮಾರ್ಚ್‌ನಲ್ಲಿ ನೇರಳೆ ಜಕರಂಡ, ಏಪ್ರಿಲ್-ಮೇನಲ್ಲಿ ಕೆಂಪು ಗುಲ್‌ಮೊಹರ್. ಒಂದಾದ ಮೇಲೊಂದು ಹೂ ಬಿಡುವ ಹಾಗೆ ಈ ಊರಿಗೆ ಮರ ಹಾಕಿಸಿದ್ದು ಲಾಲ್‌ಬಾಗ್‌ನ ಕೃಂಬಿಗಲ್. 1893ರಲ್ಲಿ ಭಾರತಕ್ಕೆ ಬಂದ ಜರ್ಮನ್. ಆದರೆ ಒಂದೊಂದು ಮರದ ಭರ್ತಿ ಹೂ ಇರೋದು ಕೆಲವೇ ದಿನ. ಒಂದು ಜೋರು ಮಳೆ ಬಂದ್ರೆ ಎಲ್ಲ ನೆಲದ ಮೇಲೆ. ಗ್ಯಾಲರಿಯವರಾದರೂ ಡೆಡ್‌ಲೈನ್ ಮುಂದೆ ಹಾಕ್ತಾರೆ. ಗುಲ್‌ಮೊಹರ್ ಹಾಕಲ್ಲ.

ಅವರ ಚಿತ್ರದ ಹತ್ತಿರ ಹೋದರೆ ಬರೀ ಬಣ್ಣದ ಚುಕ್ಕೆ, ಗೀಟು. ನಾಲ್ಕು ಹೆಜ್ಜೆ ಹಿಂದೆ ಬನ್ನಿ, ಬಿಸಿಲು ಬೀಳುತ್ತೆ. ಇದನ್ನು ನೋಡಿಯೇ ವ್ಯಾನ್ ಗೋ ಜೊತೆ ಹೋಲಿಸೋದು. ನನಗೆ ಆ ಹೋಲಿಕೆ ಅಷ್ಟಾಗಿ ಒಪ್ಪಿಗೆ ಇಲ್ಲ. ವ್ಯಾನ್ ಗೋ 27ಕ್ಕೆ ಶುರು ಮಾಡಿ 37ಕ್ಕೆ ತೀರಿಕೊಂಡರು, ಹತ್ತೇ ವರ್ಷದ ಬಿರುಗಾಳಿ. ರುಮಾಲೆಯವರು ಆ ವಯಸ್ಸು ದಾಟಿ ಹದಿನೈದು ವರ್ಷದ ಮೇಲೆ ಎರಡನೇ ಬದುಕು ಶುರು ಮಾಡಿ, 1988ರಲ್ಲಿ ತೀರಿಕೊಳ್ಳುವ ತನಕ 26 ವರ್ಷ ನಡೆಸಿದರು. ಚಿತ್ರಗಳಲ್ಲಿ ತಳಮಳ ಕಡಿಮೆ, ಖುಷಿ ಜಾಸ್ತಿ. ಅರ್ಧ ಜೀವನ ಸಭೆ, ಭಾಷಣ, ಸಂಪಾದಕೀಯದಲ್ಲಿ ಕಳೆದವರಿಗೆ ಮರದ ಕೆಳಗೆ ಸುಮ್ಮನೆ ನಿಲ್ಲೋದೇ ಎಂಥ ಬಿಡುಗಡೆ ಆಗಿರಬೇಕು ಅಂತ ನನ್ನ ಊಹೆ.

ಇನ್ನೊಂದು ಮಾತು. ಅವರು ಬರೆಯುವಾಗ ಅದು ಬರೀ ಹೂ. ಈಗ ಅದು ದಾಖಲೆ. ರಸ್ತೆ ಅಗಲ, ಫ್ಲೈಓವರ್, ಮೆಟ್ರೊ ಅಂತ ಎಷ್ಟು ಸಾಲುಮರ ಹೋದವು! ಆ ಚಿತ್ರಗಳಲ್ಲಿರುವ ನೆರಳು ಈಗ ಎಲ್ಲಿ ಅಂತ ಹುಡುಕೋಕೆ ಕೂತರೆ ನನಗಂತೂ ಹೊಟ್ಟೆ ಚುರ್ ಅನ್ನುತ್ತೆ.

ರಾಜಾಜಿನಗರದಲ್ಲಿ ಅವರ ಚಿತ್ರಗಳನ್ನು ಕಾಪಾಡಿಕೊಂಡು ಬಂದ ರುಮಾಲೆ ಆರ್ಟ್ ಹೌಸ್ ಇದೆ. ಮೊದಲೇ ವಿಚಾರಿಸಿಕೊಂಡು ಹೋಗಿ. ಆಗೋದಾದರೆ ಏಪ್ರಿಲ್‌ನಲ್ಲಿ, ಕಬ್ಬನ್ ಪಾರ್ಕ್ ಸುತ್ತಿಕೊಂಡು.