ನಾರಾ ನಗರದಲ್ಲಿ ಒಂದು ಹಗಲು

ಹಳೆಯ ದೇವಾಲಯವೊಂದನ್ನು ನೋಡಲು ಹೋದವರು ಮೊದಲು ಕೇಳುವ ಪ್ರಶ್ನೆ ‘ಇದು ಎಷ್ಟು ವರ್ಷದ್ದು?’ ಎಂಬುದು. ಜಪಾನಿನ ನಾರಾ ನಗರದಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ ದೊರೆಯುವುದಿಲ್ಲ. ಮೊದಲು ಕಟ್ಟಿದ್ದು ಯಾವಾಗ, ಸುಟ್ಟುಹೋದದ್ದು ಯಾವಾಗ, ಮತ್ತೆ ಎದ್ದು ನಿಂತದ್ದು ಯಾವಾಗ ಎಂದು ಮೂರು ನಾಲ್ಕು ಇಸವಿಗಳನ್ನು ಅಲ್ಲಿ ಒಟ್ಟಿಗೆ ಹೇಳುತ್ತಾರೆ. ಬೇಸಿಗೆಯ ರಜೆಯಲ್ಲಿ ಬಂಧುಗಳ ಮನೆಗೆಂದು ಆ ದೇಶಕ್ಕೆ ಹೋಗಿದ್ದ ನನಗೆ ಒಂದು ಇಡೀ ಹಗಲನ್ನು ಆ ನಗರದಲ್ಲಿ ಕಳೆಯುವ ಯೋಗ ಒದಗಿತು. ನಮ್ಮ ವಾಚಕರಲ್ಲಿ ಅನೇಕರ ಮಕ್ಕಳು ಈಗ ಹೊರದೇಶಗಳಲ್ಲಿ ಇರುವುದರಿಂದ, ಇಂದಲ್ಲ ನಾಳೆ ಕೆಲವರಿಗಾದರೂ ಉಪಯೋಗವಾದೀತೆಂದು ಆ ದಿನದ ವಿವರಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾರಾ 710ರಿಂದ 784ರ ತನಕ ಜಪಾನಿನ ರಾಜಧಾನಿಯಾಗಿತ್ತು. ಒಸಾಕಾ ಮತ್ತು ಕ್ಯೋಟೋ ನಗರಗಳಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ಅಲ್ಲಿಗೆ ತಲುಪಬಹುದು. ಪರಸ್ಥಳದವರಿಗೆ ದಾರಿ ತೋರಿಸುವ ಸ್ವಯಂಸೇವಕರು ಆ ಊರಿನಲ್ಲಿದ್ದಾರೆ. ನಮ್ಮ ಪಾಲಿಗೆ ಬಂದವರು ನನಗಿಂತ ಹಿರಿಯರಾದ ಒಬ್ಬ ಮಹಿಳೆ. ನಿಧಾನವಾಗಿ, ಬಿಡಿಬಿಡಿಯಾಗಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದ ಅವರು ಮೊತ್ತಮೊದಲು ತಿಳಿಸಿದ್ದು ನಡವಳಿಕೆಯ ವಿಚಾರವನ್ನು. ಜಪಾನಿನಲ್ಲಿ ಪೂಜಾಸ್ಥಾನಗಳು ಎರಡು ಬಗೆ. ಬುದ್ಧನಿಗೆ ಸೇರಿದ್ದು ವಿಹಾರ. ಆ ನಾಡಿನ ಮೂಲದೇವತೆಗಳಿಗೆ ಸೇರಿದ್ದು ಶಿಂತೋ ಗುಡಿ. ಎರಡು ಕಂಬಗಳ ಮೇಲೆ ಅಡ್ಡತೊಲೆ ಇಟ್ಟ ದ್ವಾರ ಕಂಡರೆ ಅದು ಶಿಂತೋ ಗುಡಿಯೆಂದು ತಿಳಿಯಬೇಕು. ಅಲ್ಲಿ ಕಲ್ಲಿನ ತೊಟ್ಟಿಯ ನೀರಿನಿಂದ ಮೊದಲು ಎಡಗೈ, ಬಳಿಕ ಬಲಗೈ ತೊಳೆದು, ಬಾಯಿ ಮುಕ್ಕಳಿಸಿ, ಎರಡು ಬಾರಿ ಬಾಗಿ, ಎರಡು ಬಾರಿ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಬೇಕು. ಬುದ್ಧನ ಮುಂದೆ ಚಪ್ಪಾಳೆ ಸಲ್ಲದು; ಕೈಮುಗಿದರೆ ಸಾಕು.

ಮೊದಲು ನಾವು ಹೋದದ್ದು ಕೋಫುಕುಜಿಗೆ. ರಾಜಮನೆತನದೊಡನೆ ಸಂಬಂಧ ಬೆಳೆಸಿ ಪ್ರಬಲರಾಗಿದ್ದ ಫುಜಿವಾರ ವಂಶದವರ ವಿಹಾರವಿದು. ಇಲ್ಲಿಯ ಐದು ಅಂತಸ್ತಿನ ಮರದ ಗೋಪುರ ಮೊದಲು ಏರಿದ್ದು 730ರಲ್ಲಿ. ಈಗ ಇರುವುದು 1426ರದು, ಎತ್ತರ ಸುಮಾರು 50 ಮೀಟರು. ಬಹುಕಾಲದ ಬಳಿಕ ದೊಡ್ಡ ಜೀರ್ಣೋದ್ಧಾರ ನಡೆಯುತ್ತಿರುವುದರಿಂದ ಅದನ್ನು ಮರೆಮಾಡಿ ಕಟ್ಟಿದ್ದ ಹಂದರವನ್ನಷ್ಟೇ ನಾವು ಕಂಡೆವು. ನಡುವಿನ ಪ್ರಧಾನ ಮಂದಿರವಂತೂ ಏಳು ಬಾರಿ ಬೆಂಕಿಗೆ ಆಹುತಿಯಾಗಿದೆ. 1717ರಲ್ಲಿ ಸುಟ್ಟದ್ದನ್ನು ಹಳೆಯ ಅಳತೆಯಲ್ಲಿಯೇ ಪುನಃ ಕಟ್ಟಿ ಮುಗಿಸಿದ್ದು 2018ರಲ್ಲಿ. ಮುನ್ನೂರು ವರ್ಷಗಳ ಕಾಲ ಒಂದು ಕೆಲಸವನ್ನು ಕೈಬಿಡದೆ ಮನಸ್ಸಿನಲ್ಲಿಟ್ಟುಕೊಂಡಿರುವುದು ಸಾಮಾನ್ಯದ ಮಾತಲ್ಲ.

ಇದೇ ವಿಹಾರದ ವಸ್ತುಸಂಗ್ರಹಾಲಯದಲ್ಲಿ ಮೂರು ಮುಖ, ಆರು ಕೈಗಳ ಒಂದು ವಿಗ್ರಹವಿದೆ. ಅದರ ಹೆಸರು ‘ಅಶುರ’. ನಮ್ಮ ಪುರಾಣಗಳ ಅಸುರನೇ ಸರಿ. ಆದರೆ ಇಲ್ಲಿ ಅವನು ಬುದ್ಧನಿಗೆ ಶರಣಾಗಿ ಧರ್ಮವನ್ನು ಕಾಯುವವನು. ಹುಬ್ಬು ತುಸು ಗಂಟಿಕ್ಕಿದ ಎಳೆಯ ಹುಡುಗನ ಮುಖ. ತಪ್ಪು ಮಾಡಿ, ಅದನ್ನು ತಾನೇ ಅರಿತು ನಿಂತ ಶಾಲಾಬಾಲಕನ ಮುಖದಂತೆ ನನಗೆ ಕಂಡಿತು. 734ರ ಈ ವಿಗ್ರಹವನ್ನು ನಾರುಬಟ್ಟೆಯ ಪದರಗಳಿಗೆ ಮರದ ರಸವನ್ನು ಹಚ್ಚಿ ಒಣಗಿಸಿ ಮಾಡಿದ್ದಾರೆ, ಒಳಗೆ ಟೊಳ್ಳು. ಹಗುರವಾದ್ದರಿಂದ ಬೆಂಕಿ ಬಿದ್ದಾಗಲೆಲ್ಲ ಭಿಕ್ಷುಗಳು ಎತ್ತಿಕೊಂಡು ಓಡಿ ಉಳಿಸಿದರೆಂದು ಹೇಳುತ್ತಾರೆ.

ಅಲ್ಲಿಂದ ಜಿಂಕೆಗಳು ನಿರ್ಭಯವಾಗಿ ಅಡ್ಡಾಡುವ ವನದ ಮೂಲಕ ತೋದೈಜಿಗೆ ನಡೆದೆವು. ಅದರ ದಕ್ಷಿಣದ ಮಹಾದ್ವಾರದಲ್ಲಿ ಎಂಟು ಮೀಟರಿಗೂ ಮಿಕ್ಕಿ ಎತ್ತರದ ಇಬ್ಬರು ದ್ವಾರಪಾಲಕರು ಎದುರುಬದುರಾಗಿ ನಿಂತಿದ್ದಾರೆ. ಉಂಕೇಯಿ, ಕೈಕೇಯಿ ಮೊದಲಾದ ಶಿಲ್ಪಿಗಳು 1203ರಲ್ಲಿ ಕೇವಲ 69 ದಿನಗಳಲ್ಲಿ ಇವರನ್ನು ಮರದಲ್ಲಿ ಕಡೆದರು. ಒಬ್ಬನ ಬಾಯಿ ತೆರೆದಿದೆ, ಇನ್ನೊಬ್ಬನದು ಮುಚ್ಚಿದೆ. ತೆರೆದ ಬಾಯಿ ‘ಅ’ಕಾರ, ಮುಚ್ಚಿದ ಬಾಯಿ ‘ಹೂಂ’ಕಾರ, ಸಕಲ ನಾದದ ಆದಿ ಮತ್ತು ಅಂತ್ಯ ಎಂದು ಅರ್ಥ. ಸಂಸ್ಕೃತದ ಅಕ್ಷರಗಳು ಬೌದ್ಧಮಂತ್ರಗಳ ಜತೆಗೆ ಚೀನದ ಮಾರ್ಗವಾಗಿ ಅಲ್ಲಿಗೆ ಮುಟ್ಟಿದವು. ಜಪಾನಿನ ಮಕ್ಕಳು ಶಾಲೆಯಲ್ಲಿ ಕಲಿಯುವ ಅಕ್ಷರಮಾಲೆಯ ಕ್ರಮವೂ ಅ, ಕ, ಸ, ತ, ನ, ಹ, ಮ, ಯ, ರ, ವ ಎಂದು ನಮ್ಮ ವರ್ಣಮಾಲೆಯ ಜಾಡಿನಲ್ಲಿಯೇ ಸಾಗುತ್ತದೆ. ಮೂವತ್ತು ವರ್ಷ ‘ಅ ಆ ಇ ಈ’ ಕಲಿಸಿದವನಿಗೆ ಇದಕ್ಕಿಂತ ಸಂತೋಷದ ಸಂಗತಿ ಬೇರೊಂದಿಲ್ಲ.

ಒಳಗಿರುವುದು ವೈರೋಚನ ಬುದ್ಧನ ಕಂಚಿನ ಮಹಾಮೂರ್ತಿ. ಎತ್ತರ ಸುಮಾರು 15 ಮೀಟರು. 735ರಿಂದ ಕೆಲವು ವರ್ಷ ಸಿಡುಬಿನ ಪಿಡುಗು ದೇಶವನ್ನೇ ಹಿಂಡಿದಾಗ, ನೊಂದ ಚಕ್ರವರ್ತಿ ಶೋಮು 743ರಲ್ಲಿ ಈ ಮೂರ್ತಿಯನ್ನು ಮಾಡಿಸುವ ಆಜ್ಞೆ ಹೊರಡಿಸಿದನು. ಒಂದು ಎಸಳು ಹುಲ್ಲನ್ನೋ ಒಂದು ಹಿಡಿ ಮಣ್ಣನ್ನೋ ತಂದು ಕೈಗೂಡಿಸಬಯಸುವ ಬಡವನಿಗೂ ಅವಕಾಶವಿರಲಿ ಎಂಬ ಆಶಯ ಆ ಆಜ್ಞೆಯಲ್ಲಿದೆ. 752ರಲ್ಲಿ ನೇತ್ರೋನ್ಮೀಲನ ನಡೆಯಿತು. ಕುಂಚ ಹಿಡಿದು ಬುದ್ಧನ ಕಣ್ಣು ಬರೆದವನು ಬೋಧಿಸೇನನೆಂಬ ಭಾರತೀಯ ಭಿಕ್ಷು. ದಕ್ಷಿಣ ಭಾರತದವನೆಂದು ಹೇಳಲಾಗುವ ಈತ ಚೀನದ ಮೂಲಕ 736ರಲ್ಲಿ ಜಪಾನಿಗೆ ಬಂದು, 760ರಲ್ಲಿ ಅಲ್ಲಿಯೇ ಕಾಲವಾದನು. ಆತನ ಕುಂಚಕ್ಕೆ ಉದ್ದನೆಯ ದಾರಗಳನ್ನು ಕಟ್ಟಿ, ನೆರೆದವರೂ ಅವುಗಳನ್ನು ಹಿಡಿದು ಆ ಪುಣ್ಯಕಾರ್ಯದಲ್ಲಿ ಪಾಲುಗೊಂಡರು. ಆ ಕುಂಚ, ಆ ದಾರ ಎರಡೂ ಅಲ್ಲಿಯ ಶೋಸೋಯಿನ್ ಭಂಡಾರದಲ್ಲಿ ಇಂದಿಗೂ ಭದ್ರವಾಗಿವೆ.

ಮಂದಿರಕ್ಕೆ ಮಾತ್ರ ಆ ಭದ್ರತೆ ಸಿಗಲಿಲ್ಲ. 1180ರಲ್ಲಿ ಯುದ್ಧದ ಬೆಂಕಿಗೆ ಸುಟ್ಟಿತು. ಅರುವತ್ತು ದಾಟಿದ್ದ ಚೋಗೆನ್ ಎಂಬ ಭಿಕ್ಷು ಊರೂರು ತಿರುಗಿ ದ್ರವ್ಯ ಕೂಡಿಸಿ ಕಟ್ಟಿದನು. 1567ರಲ್ಲಿ ಇನ್ನೊಂದು ಯುದ್ಧದಲ್ಲಿ ಮತ್ತೆ ಸುಟ್ಟಿತು. ಕೋಕೆಯಿ ಎಂಬ ಇನ್ನೊಬ್ಬ ಭಿಕ್ಷು ಅದೇ ರೀತಿ ಬೇಡಿ ಹೊರಟನು. ಆತ ತೀರಿಕೊಂಡ ಬಳಿಕ, 1709ರಲ್ಲಿ ಇಂದಿನ ಮಂದಿರ ಪೂರ್ಣವಾಯಿತು. ಮೊದಲಿನದು 86 ಮೀಟರು ಅಗಲವಿತ್ತು. ಈಗಿನದು 57 ಮೀಟರು. ಬೇಕಾದಷ್ಟು ದಪ್ಪದ ಮರಗಳು ಸಿಗದೆ, ತುಂಡುಗಳನ್ನು ಜೋಡಿಸಿ ಕಬ್ಬಿಣದ ಪಟ್ಟಿ ಬಿಗಿದು ಕಂಬಗಳನ್ನು ಮಾಡಿದ್ದಾರೆ. ಆ ಪಟ್ಟಿಗಳನ್ನು ಯಾರೂ ಮರೆಮಾಡಿಲ್ಲ.

ಹಿಂದಿನ ಗುಡ್ಡವನ್ನೇರಿದರೆ ನಿಗತ್ಸುದೋ ಸಿಗುತ್ತದೆ. ಇಲ್ಲಿ ಪ್ರತಿವರ್ಷ ಮಾರ್ಚ್ 1ರಿಂದ 14ರ ತನಕ ಹನ್ನೊಂದು ಮಂದಿ ಭಿಕ್ಷುಗಳು ಲೋಕದ ಪರವಾಗಿ ಪಶ್ಚಾತ್ತಾಪದ ವ್ರತ ನಡೆಸುತ್ತಾರೆ. 752ರಲ್ಲಿ ತೊಡಗಿದ ಈ ವ್ರತ ಒಂದು ವರ್ಷವೂ ತಪ್ಪಿದ್ದಿಲ್ಲ. 1667ರಲ್ಲಿ ವ್ರತದ ನಡುವೆಯೇ ಕಟ್ಟಡ ಸುಟ್ಟಿತು. ಆದರೂ ವ್ರತ ನಿಲ್ಲಲಿಲ್ಲ. ಈ ದಿನಗಳಲ್ಲಿ ತೋದೈಜಿಗೆ ಸಂಬಂಧಪಟ್ಟ ಗತಿಸಿದವರ ಹೆಸರುಗಳನ್ನು ಚಕ್ರವರ್ತಿ ಶೋಮುವಿನಿಂದ ಮೊದಲ್ಗೊಂಡು ಗಟ್ಟಿಯಾಗಿ ಓದುವ ಪದ್ಧತಿಯಿದೆ. ಹಿಂದೊಮ್ಮೆ ಓದುತ್ತಿದ್ದ ಭಿಕ್ಷುವಿನೆದುರು ನೀಲಿಯುಡುಗೆಯ ಹೆಂಗಸೊಬ್ಬಳು ಕಾಣಿಸಿ, ‘ನನ್ನ ಹೆಸರನ್ನೇಕೆ ಓದಲಿಲ್ಲ?’ ಎಂದು ಕೇಳಿದಳಂತೆ. ಯಾರೆಂದು ತಿಳಿಯದ ಆತ ‘ನೀಲಿಯುಡುಗೆಯ ಹೆಣ್ಣು’ ಎಂದು ಓದಿದನಂತೆ. ಅಂದಿನಿಂದ ಆ ಹೆಸರೂ ಪಟ್ಟಿಯಲ್ಲಿ ಸೇರಿತು. ಈ ಕಥೆಯನ್ನು ಹೇಳುವಾಗ ನಮ್ಮ ಮಾರ್ಗದರ್ಶಕಿಯ ದನಿ ಸಣ್ಣದಾಗಿತ್ತು.

ಸಂಜೆಯ ಹೊತ್ತಿಗೆ ಕಸುಗ ಗುಡಿಗೆ ತಲುಪಿದೆವು. 768ರಲ್ಲಿ ನೆಲೆಗೊಂಡ ಈ ಶಿಂತೋ ಗುಡಿಯೂ ಫುಜಿವಾರ ವಂಶದವರದೇ. ದೇವರು ಬಿಳಿಯ ಜಿಂಕೆಯನ್ನೇರಿ ಬಂದನೆಂಬ ನಂಬಿಕೆಯಿಂದಲೇ ಇಲ್ಲಿ ಜಿಂಕೆಗಳಿಗೆ ಅಷ್ಟು ಗೌರವ. ದಾರಿಯುದ್ದಕ್ಕೂ ಭಕ್ತರು ಒಪ್ಪಿಸಿದ ಕಲ್ಲಿನ ದೀಪಸ್ತಂಭಗಳು, ಒಳಗೆ ತೂಗುವ ಕಂಚಿನ ದೀಪಗಳು. ಎಲ್ಲ ಸೇರಿ ಸುಮಾರು ಮೂರು ಸಾವಿರ. ಹಿಂದಿನ ಬೆಟ್ಟದಲ್ಲಿ 841ರಿಂದ ಮರ ಕಡಿಯುವುದು ನಿಷಿದ್ಧ. ಇಪ್ಪತ್ತು ವರ್ಷಕ್ಕೊಮ್ಮೆ ಗುಡಿಯನ್ನು ನವೀಕರಿಸುವ ಕ್ರಮವಿದ್ದು, ಅರುವತ್ತನೆಯ ಸಲದ್ದು 2016ರಲ್ಲಿ ಮುಗಿಯಿತು.

ಇಲ್ಲಿ ಒಂದು ಇತಿಹಾಸವನ್ನು ವಾಚಕರು ಗಮನಿಸಬೇಕು. ಬೆಳಿಗ್ಗೆ ನೋಡಿದ ಕೋಫುಕುಜಿಯೂ ಈ ಗುಡಿಯೂ ಸಾವಿರ ವರ್ಷ ಒಂದೇ ಸಂಸ್ಥೆಯಂತೆ ಬಾಳಿದ್ದವು. 1868ರಲ್ಲಿ ಹೊಸ ಸರಕಾರ ಬುದ್ಧನೇ ಬೇರೆ, ದೇವರೇ ಬೇರೆಯೆಂದು ಆಜ್ಞೆ ಹೊರಡಿಸಿತು. ಕೋಫುಕುಜಿಯ ಭಿಕ್ಷುಗಳು ಸಾಮೂಹಿಕವಾಗಿ ಕಸುಗದ ಅರ್ಚಕರಾದರು, ವಿಹಾರ ಅನಾಥವಾಯಿತು, ಆವರಣದ ಗೋಡೆಗಳು ಉರುಳಿದವು, ಐದಂತಸ್ತಿನ ಗೋಪುರವನ್ನು ಮಾರಾಟಕ್ಕಿಟ್ಟಿದ್ದರೆಂದೂ ಹೇಳುತ್ತಾರೆ. 1881ರಲ್ಲಷ್ಟೇ ಪುನಃ ತಲೆಯೆತ್ತಲು ಅಪ್ಪಣೆ ದೊರೆಯಿತು. ಕಾಗದದ ಮೇಲೆ ಇವೆರಡೂ ಇಂದಿಗೂ ಬೇರೆ ಬೇರೆ. ಆದರೆ ಪ್ರತಿವರ್ಷ ಜನವರಿ 2ರಂದು ಕೋಫುಕುಜಿಯ ಭಿಕ್ಷುಗಳು ಕಸುಗದೇವರ ಮುಂದೆ ಹೋಗಿ ಬೌದ್ಧಸೂತ್ರಗಳನ್ನು ಪಠಿಸಿ ಬರುತ್ತಾರೆ. ಆಜ್ಞೆಯನ್ನು ಯಾರೂ ಉಲ್ಲಂಘಿಸಿಲ್ಲ, ಸಂಬಂಧವನ್ನೂ ಬಿಟ್ಟುಕೊಟ್ಟಿಲ್ಲ.

1956ರಲ್ಲಿ ರಾಜ್ಯಗಳ ಗಡಿಗಳು ಹೊಸದಾಗಿ ನಿಂತಾಗ ಗೆರೆಯ ಈಚೆಗೆ ಉಳಿದ ಮನೆಗಳವರು ನಾವು. ಪ್ರತಿ ಜೂನಿನಲ್ಲಿ ಒಂದನೆಯ ತರಗತಿಯ ಕನ್ನಡ ವಿಭಾಗಕ್ಕೆ ಸೇರುವ ಮಕ್ಕಳನ್ನು ಎಣಿಸುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಆ ಎಣಿಕೆ ಏರುತ್ತಿಲ್ಲ. ಸರಕಾರದಿಂದ ಸಲ್ಲಬೇಕಾದದ್ದನ್ನು ಕೇಳುತ್ತಲೇ ಇರೋಣ. ಅದರ ಜತೆಗೆ, ಯಾರ ಅಪ್ಪಣೆಯೂ ಬೇಡದ ಕೆಲಸವೊಂದು ನಮ್ಮ ಮನೆಗಳೊಳಗೇ ಇದೆ. ದೀಪ ಹಚ್ಚಿದ ಮೇಲೆ ಮಕ್ಕಳನ್ನು ಹತ್ತಿರ ಕೂರಿಸಿ ಕನ್ನಡದ ಒಂದು ಪುಟವನ್ನು ಗಟ್ಟಿಯಾಗಿ ಓದಿಸುವುದು. ಅಜ್ಜಿ, ಮುತ್ತಜ್ಜಿಯರ ಹೆಸರುಗಳನ್ನು ಅವರಿಂದಲೇ ಬರೆಯಿಸಿಡುವುದು. ತಪ್ಪದೆ ನಡೆದರೆ ಇಷ್ಟೂ ಒಂದು ವ್ರತವೇ. ಈ ತಿಂಗಳ ಸಂಚಿಕೆಯನ್ನು ಮಡಚಿಡುವ ಮೊದಲು, ಇದರ ಒಂದು ಪುಟವನ್ನಾದರೂ ಮನೆಯ ಕಿರಿಯರ ಕೈಗೆ ಕೊಟ್ಟು ಓದಿಸುವಿರಾಗಿ ನಂಬಿದ್ದೇನೆ.